ನೇತ್ರಾಣಿಯ ನೀರಿಗಿಳಿಯುವ ಮೊದಲು

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದಲ್ಲಿ ನೇತ್ರಾಣಿ ಇದೆ. ಅಲ್ಲಿ ಜನವಸತಿಯಿಲ್ಲ, ದೋಣಿ ಕಟ್ಟಲು ಜೆಟ್ಟಿಯೂ ಇಲ್ಲ. ಕಡಿದಾದ ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡುಗಳಿವೆ, ಮೀನುಗಾರರು ಹರಕೆಗೆ ಬಿಟ್ಟ ಆಡುಗಳಿವೆ. ನಾವು ಹೋಗುವುದು ದ್ವೀಪ ಹತ್ತುವುದಕ್ಕಲ್ಲ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ (ಸ್ಕೂಬಾ ಡೈವಿಂಗ್), ಅದರ ಬುಡದಲ್ಲಿ ಬೆಳೆದ ಹವಳವನ್ನು ನೋಡುವುದಕ್ಕೆ. ಆದರೆ ಪ್ರತಿ ಸಲವೂ ಒಬ್ಬಿಬ್ಬರು ಎರಡು ಮೀಟರ್ ಆಳಕ್ಕೇ ಕಿವಿನೋವೆಂದು ಮೇಲೆ ಬಂದು, ಉಳಿದ ಹೊತ್ತನ್ನು ದೋಣಿಯಲ್ಲೇ ಕಳೆಯುವುದನ್ನು ನೋಡಿ ಸಂಕಟವಾಗಿದೆ.

ಮಳೆಗಾಲ ಬಿಟ್ಟು ಅಕ್ಟೋಬರ್‌ನಿಂದ ಮೇವರೆಗೆ ಹೋಗಬಹುದು. ಡಿಸೆಂಬರ್, ಜನವರಿಯಲ್ಲೇ ಹೋಗಿ. ಮುರುಡೇಶ್ವರದ ಡೈವಿಂಗ್ ಕೇಂದ್ರದಲ್ಲಿ ಮುಂಚಿತವಾಗಿ ಹೆಸರು ಬರೆಸಿ, ಬೆಳಗಿನ ದೋಣಿಯನ್ನೇ ಕೇಳಿ. ಹೊತ್ತೇರಿದಂತೆ ಗಾಳಿಯೆದ್ದು ಅಲೆ ಹೆಚ್ಚುತ್ತದೆ. ಈಜು ಬಾರದವರೂ ತರಬೇತುದಾರರ ಜೊತೆ ಇಳಿಯಬಹುದು. ಅಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇವನ್ನು ಕೇಂದ್ರದವರು ಕೊಡುವ ಆರೋಗ್ಯದ ನಮೂನೆಯಲ್ಲಿ ಮುಚ್ಚಿಡಬೇಡಿ; ಊರಿನಲ್ಲಿಯೇ ವೈದ್ಯರನ್ನು ಕಂಡು ಬನ್ನಿ.

ದೋಣಿ ಪ್ರಯಾಣ ಸುಮಾರು ಒಂದೂವರೆ ಗಂಟೆ. ವಾಂತಿಯ ಭಯಕ್ಕೆ ಉಪವಾಸ ಬರುವವರೇ ಮೊದಲು ಸುಸ್ತಾಗುತ್ತಾರೆ. ಎರಡು ಇಡ್ಲಿ ತಿನ್ನಿ, ಎಣ್ಣೆಯ ಬನ್ಸ್ ಬೇಡ. ಮಾತ್ರೆ ನುಂಗುವುದಾದರೆ ಹೊರಡುವ ಒಂದು ಗಂಟೆ ಮೊದಲೇ ನುಂಗಿ; ನಿದ್ದೆ ಬರಿಸುವ ಮಾತ್ರೆ ಡೈವಿಂಗ್‌ಗೆ ಹೊಂದುವುದಿಲ್ಲ, ವೈದ್ಯರನ್ನು ಕೇಳಿಯೇ ಆರಿಸಿ. ದೋಣಿಯಲ್ಲಿ ಮೊಬೈಲ್ ನೋಡದೆ ದಿಗಂತ ನೋಡುತ್ತ ಕುಳಿತುಕೊಳ್ಳಿ.

ಈಗ ಕಿವಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಆ ಏರಿಕೆ ಕಿವಿಗೆ ಹೆಚ್ಚು ತಟ್ಟುವುದು ಮೊದಲ ಕೆಲವು ಮೀಟರ್‌ಗಳಲ್ಲಿಯೇ. ಮಾಸ್ಕಿನ ಮೇಲಿಂದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದರೆ ಕಿವಿಯೊಳಗೆ ‘ಟಕ್’ ಎನ್ನುತ್ತದೆ. ಇದನ್ನು ನೀರಿನ ಮೇಲಿರುವಾಗಲೇ ಒಮ್ಮೆ ಮಾಡಿ, ಆಮೇಲೆ ಒಂದೊಂದು ಅಡಿ ಇಳಿದಂತೆಲ್ಲ ಮಾಡಿ. ನೋವು ಬರಲಿ ಎಂದು ಕಾಯುವುದೇ ತಪ್ಪು. ನೋವು ಶುರುವಾಯಿತೆಂದರೆ ನೀವು ತಡಮಾಡಿದ್ದೀರಿ ಎಂದರ್ಥ. ಆಗ ಬಲವಾಗಿ ಊದಿದರೆ ಕಿವಿಯೊಳಗೆ ಪೆಟ್ಟಾಗುತ್ತದೆ. ತರಬೇತುದಾರರಿಗೆ ಕಿವಿ ತೋರಿಸಿ ಅಂಗೈ ಅಲುಗಾಡಿಸಿ, ಒಂದೆರಡು ಅಡಿ ಮೇಲೇರಿ, ಮತ್ತೆ ಮೆಲ್ಲಗೆ ಪ್ರಯತ್ನಿಸಿ. ಅವರು ಕಾಯುತ್ತಾರೆ. ನಿಮ್ಮ ಪಕ್ಕದವರು ಆಗಲೇ ಕೆಳಗೆ ತಲುಪಿದರೆಂದು ಆತುರಪಡಬೇಡಿ.

ನೆಗಡಿಯಿದ್ದರೆ ಡೈವ್ ಮುಂದೂಡಿ. ಮೂಗಿಗೆ ಸ್ಪ್ರೇ ಹಾಕಿಕೊಂಡು ಇಳಿಯುವ ಅಡ್ಡದಾರಿ ಅಪಾಯಕಾರಿ: ಅದರ ಪರಿಣಾಮ ನೀರಿನೊಳಗೇ ಮುಗಿದರೆ ಮೇಲೇರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳುತ್ತದೆ. ಈಜುಕೊಳದವರು ಬಳಸುವ ಕಿವಿಬಿರಡೆಯನ್ನಂತೂ ಮುಟ್ಟಲೇಬೇಡಿ, ಒತ್ತಡಕ್ಕೆ ಅದು ಕಿವಿಯ ಒಳಕ್ಕೆ ಸರಿಯುತ್ತದೆ. ಅಗ್ಗದ ಮೊಬೈಲ್ ಚೀಲಗಳು ಬಕೆಟ್ ನೀರಿಗೆ ಸರಿ, ಆರು ಮೀಟರ್ ಆಳಕ್ಕಲ್ಲ. ದಟ್ಟ ಮೀಸೆಯವರ ಮಾಸ್ಕಿನೊಳಗೆ ನೀರು ಜಿನುಗುತ್ತದೆ; ಮೂಗಿನ ಕೆಳಗೆ ಒಂದೆಳೆಯಷ್ಟು ಬೋಳಿಸಿಕೊಂಡರೆ ಸಾಕು.

ಉಸಿರನ್ನು ಎಂದೂ ಕಟ್ಟಬೇಡಿ. ಅದರಲ್ಲೂ ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತಿರುತ್ತದೆ.

ಕೆಳಗೆ ಗಿಳಿಮೀನು, ಚಿಟ್ಟೆಮೀನುಗಳ ಹಿಂಡು ಸಿಗುತ್ತದೆ, ಅದೃಷ್ಟವಿದ್ದರೆ ಆಮೆಯೂ ಕಾಣುತ್ತದೆ. ಕೈಗಳನ್ನು ಎದೆಗೆ ಕಟ್ಟಿಕೊಳ್ಳಿ. ಹವಳ ನೋಡಲು ಕಲ್ಲಿನಂತಿದ್ದರೂ ಜೀವಂತ. ಬಹುತೇಕ ಹವಳಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತವೆ. ಫೋಟೋಗಾಗಿ ಅದರ ಮೇಲೆ ಕಾಲೂರಿದವರನ್ನು ಕಂಡಾಗ ನನಗೆ ತಡೆಯಲಾರದ ಸಿಟ್ಟು ಬರುತ್ತದೆ.

ಡೈವ್ ಮುಗಿದ ಮೇಲೆ ಕನಿಷ್ಠ 12 ಗಂಟೆ, ಎರಡು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಮರುಪ್ರಯಾಣದ ಟಿಕೆಟ್ ತೆಗೆಯುವಾಗಲೇ ಇದು ನೆನಪಿರಲಿ.

ದ್ವೀಪದ ಮೇಲೆ ಒಮ್ಮೆ ಇಳಿಸಿ ಎಂದು ದೋಣಿಯವರನ್ನು ಕಾಡಬೇಡಿ. ನೌಕಾಪಡೆ ನೇತ್ರಾಣಿಯನ್ನು ಗುರಿ ಅಭ್ಯಾಸಕ್ಕೆ ಬಳಸಿದೆ, ಸಿಡಿಯದ ಶೆಲ್‌ಗಳ ಅಪಾಯವಿದೆ. ಜೊತೆಗೆ, ಮರಿ ಮಾಡುವ ಕಾಲದಲ್ಲಿ ಜನರ ಸದ್ದಿಗೆ ಹದ್ದು ಗೂಡು ಬಿಟ್ಟೇಳುತ್ತದೆ. ದುರ್ಬೀನು ತನ್ನಿ. ಹಿಂತಿರುಗುವ ಮುನ್ನ ಎಂಜಿನ್ ಆರಿಸಿರುವಾಗ ಬಂಡೆಯಂಚಿನ ಎತ್ತರದ ಮರಗಳನ್ನು ನೋಡಿ, ಗೂಡು ಅಲ್ಲಿರುತ್ತದೆ.