ಟಾರ್ಕ್ ರಾಡ್ ಬಿಚ್ಚುವ ಮೊದಲು ಟೇಪು ಹಿಡಿಯಿರಿ

ಸಂಡೂರು ಕಡೆ ಅದಿರು ಹೊಡೆಯುವ 10 ಚಕ್ರದ ಟಿಪ್ಪರ್‌ಗಳಲ್ಲಿ ಹಿಂದಿನ ಟೈರ್ ಅಡ್ಡಾದಿಡ್ಡಿ ಸವೆದರೆ ಎಲ್ಲರೂ ಮೊದಲು ಬೈಯುವುದು ಟೈರನ್ನು, ಆಮೇಲೆ ರೋಡನ್ನು. ನಾನು ಮೊದಲು ನೋಡುವುದು ಟಾರ್ಕ್ ರಾಡ್ ಬುಷ್, ಅಂದರೆ ಹಿಂದಿನ ಆಕ್ಸಲ್ ಹಿಡಿಯುವ ರಾಡಿನ ತುದಿಯಲ್ಲಿರುವ ರಬ್ಬರ್.

ಹಿಂದೆ ಜೋಡಿ ಆಕ್ಸಲ್ ಇರುವ ಇಂಥ ಬೋಗಿ ಗಾಡಿಯಲ್ಲಿ ಸ್ಪ್ರಿಂಗ್ ಪ್ಲೇಟುಗಳು ಭಾರ ಹೊರುತ್ತವೆ, ಅಷ್ಟೇ. ಅವುಗಳ ತುದಿ ಆಕ್ಸಲ್ ಮೇಲೆ ಸುಮ್ನೆ ಕೂತಿರುತ್ತದೆ, ಹಿಂದೆ ಮುಂದೆ ಜಾರುತ್ತದೆ. ಆಕ್ಸಲ್ ಜಾಗ ಬಿಡದಂತೆ, ಬ್ರೇಕ್ ಹೊಡೆದಾಗ ತಿರುಚದಂತೆ ಹಿಡಿಯುವುದು ಟಾರ್ಕ್ ರಾಡ್. ಸಾಮಾನ್ಯವಾಗಿ ಕೆಳಗೆ ನಾಲ್ಕು, ಮೇಲೆ ಎರಡು. ಕೆಲವು ಗಾಡಿಗಳಲ್ಲಿ ಮೇಲಿನದು ವಿ ಆಕಾರದ್ದು. 2018ರಲ್ಲಿ ಜೋಡಿ ಆಕ್ಸಲ್ ಮಿತಿ 19 ಟನ್‌ನಿಂದ 21 ಟನ್‌ಗೆ ಏರಿತು. ಅಷ್ಟು ಭಾರದ ಗಾಡಿ ಬ್ರೇಕ್ ಹಾಕಿ ನಿಲ್ಲುವಾಗ ಆ ಎಳೆದಾಟವೆಲ್ಲ ಬೀಳುವುದು ರಾಡಿನ ತುದಿಯ ರಬ್ಬರ್ ಮೇಲೆ.

"ಅಣ್ಣಾ, ಕ್ಲಚ್ ಬಿಟ್ರೆ ಹಿಂದೆ ಧಡ್ ಅಂತೈತಿ" ಎಂದು ಡ್ರೈವರ್ ಬಂದರೆ ಅರ್ಧ ಗೊತ್ತಾದಂತೆ. ಆದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಹೋದರೂ ಅದೇ ಸದ್ದು. ಹಾಗಾಗಿ ಮೊದಲು ಆ ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿ ಕ್ರಾಸ್ ನೋಡಿಕೊಳ್ಳುತ್ತೇನೆ. ಆಮೇಲೆ ರಾಡಿನ ಕಣ್ಣಿಗೂ (ಬುಷ್ ಕೂರುವ ತುದಿಯ ಬಳೆ) ಬ್ರಾಕೆಟ್‌ಗೂ ನಡುವೆ ಹಾರೆ ಹಾಕಿ ಮೀಟುತ್ತೇನೆ. ರಬ್ಬರ್ ಸ್ವಲ್ಪ ಬಾಗುವುದು ಸಹಜ. ಕಣ್ಣು ಟಕ್ಕೆಂದು ಜರುಗಿದರೆ ಬುಷ್ ಮುಗಿಯಿತು. ಅದಿರಿನ ಗಾಡಿಯಲ್ಲಿ ಇನ್ನೊಂದು ಗುರುತಿದೆ. ಎಲ್ಲ ಕೆಂಪು ಧೂಳಲ್ವಾ? ಅದರ ನಡುವೆ ಪಿನ್ ಸುತ್ತ ಬೆಳ್ಳಗೆ ಹೊಳೆಯುವ ಕಬ್ಬಿಣ, ಪಕ್ಕದಲ್ಲಿ ಕರಿ ರಬ್ಬರ್ ಪುಡಿ ಕಂಡರೆ ಹಾರೆ ಕೂಡ ಬೇಡ.

ಇಲ್ಲಿಗೆ ಪಾನಾ ಎತ್ತುವವರೇ ಜಾಸ್ತಿ. ನಾನು ಟೇಪು ಎತ್ತುತ್ತೇನೆ. ಟ್ರನಿಯನ್ (ಎರಡು ಆಕ್ಸಲ್ ನಡುವೆ ಸ್ಪ್ರಿಂಗ್ ಕೂರುವ ದಪ್ಪ ಅಚ್ಚು) ನಡುವಿನಿಂದ ಆಕ್ಸಲ್ ನಡುವಿಗೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಎಂದು ಅಳೆದು ಚಾಸಿ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಎರಡು ಆಕ್ಸಲ್‌ಗೂ ಹೀಗೆ. ಕೆಲಸ ಮುಗಿದ ಮೇಲೆ ಮತ್ತೆ ಅಳತೆ. ಎಡ ಬಲದ ವ್ಯತ್ಯಾಸ 3 ಮಿಲಿಮೀಟರ್ ದಾಟಿದರೆ ಗಾಡಿ ಬಿಡುವುದಿಲ್ಲ. ಆಕ್ಸಲ್ ಓರೆಯಾಗಿದ್ದರೆ ಹೊಸ ಬುಷ್ ಹಾಕಿಯೂ ಟೈರ್ ತಿನ್ನುತ್ತದೆ. ಹೊಸ ರಾಡನ್ನು ಹಳೆಯದರ ಪಕ್ಕ ಇಟ್ಟು ಕಣ್ಣಿನಿಂದ ಕಣ್ಣಿಗೆ ಉದ್ದ ಸರಿ ಇದೆಯೇ ಎಂದೂ ನೋಡಬೇಕು. ಅಂಗಡಿಯವರು ಕೊಟ್ಟಿದ್ದೆಲ್ಲ ಸರಿ ಇರುವುದಿಲ್ಲ.

ಗಾಡಿ ಖಾಲಿ, ಬಾಡಿ ಕೆಳಗೆ, ಸಮತಟ್ಟು ನೆಲ, ಚಕ್ರಗಳಿಗೆ ಅಡ್ಡ ಮರ. ಒಂದು ಸಲಕ್ಕೆ ಒಂದೇ ರಾಡ್ ಬಿಚ್ಚುತ್ತೇನೆ. ಎರಡು ಮೂರು ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ತಿರುಗಿ ಕೂರುತ್ತದೆ. ಆಮೇಲೆ ಜಾಕ್ ಕೊಟ್ಟು, ಹಾರೆ ಹಾಕಿ ತೂತು ಕೂಡಿಸುವಷ್ಟರಲ್ಲಿ ಬೆವರು ಇಳಿಯುತ್ತದೆ.

ತುಕ್ಕು ಹಿಡಿದ ನಟ್‌ಗೆ ಹಿಂದಿನ ದಿನವೇ ಡೀಸೆಲ್ ಬಿಡುವುದು ಒಳ್ಳೆಯದು. ಟೇಪರ್ ಪಿನ್ (ಒಂದು ಕಡೆ ಸಣ್ಣಗಾಗುವ ಪಿನ್) ಆದರೆ ಪಿನ್ ತಲೆಗೆ ಬಡಿಯಬಾರದು, ಥ್ರೆಡ್ ಕೆಡುತ್ತದೆ. ಪಿನ್ ಕೂತಿರುವ ಬ್ರಾಕೆಟ್ಟಿನ ಪಕ್ಕಕ್ಕೆ ದೊಡ್ಡ ಸುತ್ತಿಗೆಯಲ್ಲಿ ಗಟ್ಟಿಯಾಗಿ ಹೊಡೆದರೆ ತಾನೇ ಕಳಚಿಕೊಳ್ಳುತ್ತದೆ. ಹಳೆ ಬುಷ್ ತೆಗೆಯಲು ಗ್ಯಾಸ್ ಹಚ್ಚಿ ಸುಡುವ ಪದ್ಧತಿ ಇದೆ. ನನಗೆ ಅದು ಬೇಡ. ಹೊಗೆ ಒಂದು ಕಡೆ, ರಾಡಿನ ಕಣ್ಣು ಹದ ಕೆಡುವುದು ಇನ್ನೊಂದು ಕಡೆ. ಬುಷ್ ಹಿಡಿದಿಡುವ ಸರ್ಕ್ಲಿಪ್ ತೆಗೆದು ಪ್ರೆಸ್‌ನಲ್ಲೇ ಒತ್ತಿಸುತ್ತೇನೆ. ಹೊಸದು ಕೂರಿಸಲು ಸೋಪಿನ ನೀರು ಸಾಕು. ಗ್ರೀಸ್, ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಗ್ಗಿದ ರಾಡನ್ನು ಬಡಿದು ನೇರ ಮಾಡಿಸುವವರಿದ್ದಾರೆ. ಅಂಥ ರಾಡ್ ಗುಜರಿಗೆ ಹೋಗಬೇಕು.

ಬೋಲ್ಟ್‌ಗಳನ್ನು ಮೊದಲು ಕೈಬಿಗಿಯಷ್ಟೇ ಮಾಡಿ, ಗಾಡಿಯ ಭಾರ ಪೂರ್ತಿ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ. ಆಕ್ಸಲ್ ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಎಷ್ಟು ಬಿಗಿ ಎಂಬುದು ಆಯಾ ಗಾಡಿಯ ಪುಸ್ತಕದಲ್ಲಿದೆ. ಟಾರ್ಕ್ ರೆಂಚ್ ಹಾಕಿಯೇ ಬಿಗಿಯಿರಿ. ಪಾನಾಗೆ ಪೈಪ್ ಸೇರಿಸಿ ಎಳೆಯಬೇಡಿ. ಲಾಕ್ ನಟ್ ಹೊಸದೇ ಇರಲಿ.

ಓನರ್ ಜೊತೆ ಜಗಳ ಬರುವುದು ಜೋಡಿ ವಿಷಯಕ್ಕೆ. ಸದ್ದು ಬರುವ ಕಡೆ ಮಾತ್ರ ಹಾಕಿ ಅನ್ನುತ್ತಾರೆ. ಆ ಕಡೆಯದೂ ಅಷ್ಟೇ ಓಡಿರುತ್ತದಲ್ಲ? ಎಡ ಬಲ ಒಟ್ಟಿಗೆ ಬದಲಾಯಿಸದೆ ನಾನು ಕೈ ಹಾಕುವುದಿಲ್ಲ.

ಕೊನೆಗೆ ಪ್ರತಿ ನಟ್‌ನಿಂದ ಬ್ರಾಕೆಟ್‌ಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಒಂದು ಲೋಡ್ ಇಳಿಸಿ ಬಂದ ಮೇಲೆ ಮತ್ತೆ ರೆಂಚ್ ಹಾಕಿ ನೋಡುವುದು ನನ್ನ ಕೆಲಸ. ನಡುವೆ ಗೆರೆ ತಪ್ಪಿದ್ದು ಕಂಡರೆ ಅಲ್ಲೇ ನಿಲ್ಲಿಸಿ ಫೋನ್ ಮಾಡು ಎಂದು ಡ್ರೈವರ್‌ಗೆ ಹೇಳಿ ಕಳಿಸುತ್ತೇನೆ.