280ರ ಗಾಡಿಗೆ 300ರ ಡಿಸ್ಕ್

ಚಾರ್ಮಾಡಿ ಘಾಟಿ ಇಳಿಯುವಾಗ ಗೊತ್ತಾಯಿತು. ಮುಂದಿನ ಬ್ರೇಕ್ ಹಿಡಿದರೆ ಲಿವರ್ ಬೆರಳಿಗೆ ಟಕ್ ಟಕ್ ಅಂತ ವಾಪಸ್ ಹೊಡೆಯುತ್ತಿತ್ತು. ನನ್ನದು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಹಿಂದೆ ಡ್ರಮ್, ಡಿಸ್ಕ್ ಇರುವುದು ಮುಂದೆ ಮಾತ್ರ. ಅದೂ ಕೈಕೊಟ್ಟರೆ ಘಾಟಿಯಲ್ಲಿ ದೇವರೇ ಗತಿ.

ಮನೆಗೆ ಬಂದು ದಪ್ಪ ಅಳೆಯುವ ವರ್ನಿಯರ್ ತಂದು ಡಿಸ್ಕಿಗೆ ಹಿಡಿದೆ. ದಪ್ಪ ಸರಿಯಾಗೇ ಇದೆಯಲ್ಲ ಅನ್ನಿಸಿತು. ಆದರೆ ಸವೆದ ಡಿಸ್ಕಿನ ಹೊರ ಅಂಚಲ್ಲಿ, ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ತಾಗದ ಜಾಗ ಸಣ್ಣ ಏಣಿನ ಹಾಗೆ ಉಳಿದಿರುತ್ತದೆ. ವರ್ನಿಯರ್ ಕೂತಿದ್ದು ಅದರ ಮೇಲೆ. ಆಮೇಲೆ ಏಣಿನಿಂದ ಒಳಗೆ, ಡಿಸ್ಕಿನ ಎರಡೂ ಬದಿಗೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೆದೆ, ನಾಣ್ಯಗಳ ದಪ್ಪ ಕಳೆದೆ. ಡಿಸ್ಕಿನ ಮೇಲೇ ಕನಿಷ್ಠ ದಪ್ಪದ ಅಂಕಿ ಒತ್ತಿರುತ್ತಾರೆ. ನನ್ನದು ಅದಕ್ಕಿಂತ ಕೆಳಗಿಳಿದಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಬಿಡಿಭಾಗದ ಅಂಗಡಿಗೆ ಹೋಗಿ "ಕ್ಲಾಸಿಕ್ ಮುಂದಿನ ಡಿಸ್ಕ್ ಕೊಡಿ" ಅಂದೆ. ವರ್ಷ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪು ಅರ್ಧ ನನ್ನದೇ.

ಭಾನುವಾರ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದೆ. ಡಿಸ್ಕ್ ಬೋಲ್ಟ್‌ಗಳಲ್ಲಿ ಒಂದು ಅಲುಗಾಡಲೇ ಇಲ್ಲ. ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟ ಮೇಲೆ ಬಂತು. ಹೊಸ ಡಿಸ್ಕ್ ನೆಲಕ್ಕಿಟ್ಟು ಮೇಲೆ ಹಳೆಯದನ್ನು ಇಟ್ಟು ನೋಡಿದರೆ, ಊಟದ ತಟ್ಟೆ ಮೇಲೆ ತಿಂಡಿ ತಟ್ಟೆ ಇಟ್ಟ ಹಾಗಿದೆ! ಸುತ್ತಲೂ ಒಂದು ಸೆಂಟಿಮೀಟರ್ ಹೊರಗೆ. ನನ್ನದು 280 ಮಿ.ಮೀ.ನದ್ದು. ಕೊಟ್ಟಿದ್ದು 2021ರಲ್ಲಿ ಬಂದ ಹೊಸ ಕ್ಲಾಸಿಕ್‌ನ 300.

ವಾಪಸ್ ಒಯ್ದಾಗ ಅಂಗಡಿಯವರು, "ದೊಡ್ಡದಾದ್ರೆ ಒಳ್ಳೇದೇ ಅಲ್ವಾ ಸರ್, ಬ್ರೇಕ್ ಜಾಸ್ತಿ ಹಿಡಿಯತ್ತೆ" ಅಂದರು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದಕ್ಕೆ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಕೂಡ ಅಷ್ಟೇ ಹೊರಗೆ ಸರಿಯಬೇಕು. ಇಲ್ಲದಿದ್ದರೆ ಡಿಸ್ಕಿನ ಅಂಚು ಕ್ಯಾಲಿಪರ್ ಒಳಗೆ ಉಜ್ಜುತ್ತದೆ. ಈ ಸಲ ಹಳೇ ಡಿಸ್ಕ್ ಚೀಲದಲ್ಲೇ ಇತ್ತು. ಕೌಂಟರ್ ಮೇಲೇ ಎರಡನ್ನೂ ಒಂದರ ಮೇಲೊಂದು ಇಟ್ಟೆ. ಹೊರ ಅಳತೆ, ನಡುವಿನ ತೂತು, ಬೋಲ್ಟ್ ತೂತುಗಳು ಎಲ್ಲ ಕೂತ ಮೇಲೇ ಬದಲಿಸಿಕೊಂಡು ಬಂದೆ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಿಂದ ಒರೆಸಿದೆ, ಪ್ಯಾಡ್ ತಾಗುವ ಮುಖವನ್ನು ಬೆರಳಲ್ಲಿ ಮುಟ್ಟಲಿಲ್ಲ. ಡಿಸ್ಕ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್‌ನ ತುಕ್ಕು ಕೆರೆದು ತೆಗೆದೆ. ಅಲ್ಲಿ ಸಣ್ಣ ಕಸ ಉಳಿದರೂ ಡಿಸ್ಕ್ ಓರೆ ಕೂರುತ್ತದೆ, ಲಿವರ್ ಮತ್ತೆ ಹೊಡೆಯುತ್ತದೆ. ಬೋಲ್ಟ್ ತಾನಾಗೇ ಸಡಿಲವಾಗದ ಹಾಗೆ ಥ್ರೆಡ್‌ಲಾಕರ್ ಅಂಟು ಹಚ್ಚಿ, ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ಹೊಸ ಡಿಸ್ಕ್, ಹೊಸ ಪ್ಯಾಡ್ ಎರಡೂ ದಪ್ಪ. ಜಾಗ ಸಾಲದೆ, ಪ್ಯಾಡನ್ನು ತಳ್ಳುವ ಕ್ಯಾಲಿಪರ್‌ನ ಪಿಸ್ಟನನ್ನು ಒಳಗೆ ಒತ್ತಿದೆ. ಹ್ಯಾಂಡಲ್ ಮೇಲಿನ ಡಬ್ಬಿಯ ಬ್ರೇಕ್ ಆಯಿಲ್ ಉಕ್ಕಿ ಟ್ಯಾಂಕ್ ಮೇಲೆ ನಾಲ್ಕು ಹನಿ ಬಿತ್ತು. ತಕ್ಷಣ ನೀರು ಹಾಕಿ ತೊಳೆದರೂ ಒಂದು ಕಡೆ ಬಣ್ಣ ಮಂಕಾಯಿತು. ಬಟ್ಟೆ ಮೊದಲೇ ಹಾಸಬೇಕಿತ್ತು.

ಗೇಟು ದಾಟುವ ಮುಂಚೆ ಲಿವರ್ ಒತ್ತಿದರೆ ಹ್ಯಾಂಡಲ್‌ವರೆಗೂ ಬಂತು! ಪಿಸ್ಟನ್ ಒಳಗಿರುವಾಗ ಹಾಗೇ. ಗಟ್ಟಿಯಾಗುವವರೆಗೆ ಪಂಪ್ ಮಾಡಿದ ಮೇಲೇ ಹೊರಟೆ. ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ ಖಾಲಿ ರಸ್ತೆಯಲ್ಲಿ ನಲವತ್ತು ಕಿ.ಮೀ. ವೇಗದಿಂದ ಹತ್ತಕ್ಕೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ ಹದವಾಗಿ ಬ್ರೇಕ್ ಹಿಡಿದೆ. ಮೊದಲು ಜಾರಿದ ಹಾಗಿತ್ತು. ಹತ್ತನೇ ಸಲದ ಹೊತ್ತಿಗೆ ಕಚ್ಚಲು ಶುರುವಾಯಿತು. ಲಿವರ್ ಈಗ ಬೆರಳಿಗೆ ಹೊಡೆಯುತ್ತಿಲ್ಲ.