ನೇರಳೆ ಬೀಜ, 30 ಇಲಿ, ನನ್ನದೊಂದು ಎಡವಟ್ಟು

ಎಂ.ಫಾರ್ಮ್ ಪ್ರಾಜೆಕ್ಟ್‌ಗೆ ನೇರಳೆ ಬೀಜವೇ ಬೇಕು ಅಂತ ಹಟ ಹಿಡಿಯಲು ಕಾರಣ ನಮ್ಮ ದೊಡ್ಡಮ್ಮ. ಮಲ್ಲೇಶ್ವರದ ಅವರ ಅಡುಗೆಮನೆಯಲ್ಲಿ ಬೀಜದ ಪುಡಿಯ ಡಬ್ಬ ಖಾಲಿಯಾಗಿದ್ದು ನಾನು ನೋಡಿಲ್ಲ. ಶುಗರ್ ಇಳಿಯಲೆಂದು ದಿನಾ ಮಜ್ಜಿಗೆಗೆ ಒಂದು ಚಮಚ.

ಜೂನ್‌ನಲ್ಲಿ ಎಂಟನೇ ಕ್ರಾಸ್‌ನಿಂದ ಕಿಲೋಗಟ್ಟಲೆ ಹಣ್ಣು ತಂದು ಹಾಸ್ಟೆಲ್‌ನಲ್ಲಿ ಹಂಚಿ, ಬೀಜ ವಾಪಸ್ ಇಸ್ಕೊಂಡೆ. ಗ್ರಂಧಿಗೆ ಅಂಗಡಿಯಲ್ಲಿ ಪುಡಿಯೇ ಸಿಗುತ್ತದೆ, ಆದರೆ ಅದರಲ್ಲಿ ಇನ್ನೇನು ಬೆರೆತಿದೆಯೋ! ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಎಥನಾಲ್‌ನಲ್ಲಿ ಸಾರ ತೆಗೆದೆ.

ಪ್ರಾಣಿ ಪ್ರಯೋಗದ ನೈತಿಕ ಸಮಿತಿ ಒಪ್ಪಿದ ಮೇಲೆ 30 ವಿಸ್ಟಾರ್ ಇಲಿ (ಪ್ರಯೋಗಾಲಯದ ಬಿಳಿ ಇಲಿ) ಬಂದವು. ಆರಾರರಂತೆ ಐದು ಗುಂಪು. ಒಂದು ಆರೋಗ್ಯವಾಗಿರುವ ಗುಂಪು. ಉಳಿದ ನಾಲ್ಕಕ್ಕೂ ಶುಗರ್ ಬರಿಸಬೇಕು. ಅದರಲ್ಲಿ ಒಂದಕ್ಕೆ ಔಷಧಿಯೇ ಇಲ್ಲ, ಒಂದಕ್ಕೆ ಶುಗರ್ ಮಾತ್ರೆಯಾದ ಗ್ಲಿಬೆನ್‌ಕ್ಲಮೈಡ್, ಎರಡಕ್ಕೆ ಕಿಲೋ ತೂಕಕ್ಕೆ 200 ಮತ್ತು 400 ಮಿಲಿಗ್ರಾಂ ಸಾರ.

ಶುಗರ್ ಬರಿಸಲು ಸ್ಟ್ರೆಪ್ಟೊಜೋಟೋಸಿನ್ ಚುಚ್ಚುತ್ತೇವೆ. ಅದು ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಎಡವಟ್ಟಾಗಿದ್ದು ಇಲ್ಲೇ. ಪಿಎಚ್ 4.5ರ ತಣ್ಣನೆಯ ಆಮ್ಲ ದ್ರಾವಣ, ಅಂದರೆ ಸಿಟ್ರೇಟ್ ಬಫರ್‌ನಲ್ಲಿ ಕರಗಿಸಿ, ತಕ್ಷಣ ಚುಚ್ಚಬೇಕು. ನಾನು ಜಾಣೆ, ಇಡೀ ಮದ್ದನ್ನು ಒಟ್ಟಿಗೆ ಕರಗಿಸಿಟ್ಟು, ಆಮೇಲೆ ಒಂದೊಂದೇ ಇಲಿಯನ್ನು ತೂಗುತ್ತಾ ಕೂತೆ. ಮೂರನೇ ದಿನ ಬಾಲದ ತುದಿಯ ಹನಿ ರಕ್ತ ಪರೀಕ್ಷಿಸಿದರೆ, ಮೊದಲು ಚುಚ್ಚಿದವಕ್ಕೆ ಶುಗರ್ ಬಂದಿದೆ, ಕೊನೆಯವು ಆರಾಮಾಗಿವೆ! ಕಾಯುತ್ತಾ ಕಾಯುತ್ತಾ ಮದ್ದೇ ಸತ್ತುಹೋಗಿತ್ತು. ಮತ್ತೆ ಸಮಿತಿಗೆ ಅರ್ಜಿ, ಮತ್ತೆ ಇಲಿ. ಗೈಡ್ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಎರಡನೇ ಸಲ ಮೊದಲೇ ತೂಗಿ, ಬಾಲದ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿದೆ. ನಾಲ್ಕು ಇಲಿಗೆ ಆಗುವಷ್ಟೇ ಕರಗಿಸಿ ಚುಚ್ಚಿದೆ, ಮತ್ತೆ ಹೊಸದಾಗಿ ಕರಗಿಸಿದೆ. ಆ ರಾತ್ರಿ ಬಾಟಲಿಗೆ ನೀರಲ್ಲ, ಗ್ಲೂಕೋಸ್ ನೀರು. ಸಾಯುವ ಕೋಶಗಳು ಒಳಗಿದ್ದ ಇನ್ಸುಲಿನ್ ಎಲ್ಲ ಒಮ್ಮೆಲೇ ಸುರಿಯುತ್ತವೆ. ಸಕ್ಕರೆ ಪೂರ್ತಿ ಇಳಿದು ಬೆಳಗಾಗುವುದರೊಳಗೆ ಇಲಿ ಸತ್ತಿರಬಹುದು. 72 ಗಂಟೆ ಕಳೆದು ರಕ್ತದ ಸಕ್ಕರೆ 250 ದಾಟಿದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ.

ನಿಜ ಹೇಳಬೇಕೆಂದರೆ, ಆಮೇಲೆ ಗ್ಲೂಕೋಮೀಟರ್ ಬೇಕಿರಲಿಲ್ಲ. ಶುಗರ್ ಇಲಿಗಳ ಪಂಜರದಲ್ಲಿ ಹಾಸಿದ್ದ ಭತ್ತದ ಹೊಟ್ಟು ಮೂತ್ರದಿಂದ ಒಂದೇ ರಾತ್ರಿಗೆ ತೊಪ್ಪೆ. ನೀರಿನ ಬಾಟಲಿ ಬೆಳಿಗ್ಗೆಗೆ ಖಾಲಿ. ತಿಂದದ್ದೇ ತಿಂದದ್ದು, ಆದರೂ ಕೈಗೆ ಬೆನ್ನಮೂಳೆ ಸಿಗುತ್ತಿತ್ತು.

21 ದಿನ ಬಾಯಿಗೆ ಕೊಳವೆ ಇಳಿಸಿ ಸಾರ ಕೊಟ್ಟೆ. ಸಕ್ಕರೆ ಇಳಿಯಿತು, 400ರ ಗುಂಪಿನಲ್ಲಿ ಜಾಸ್ತಿ. ಗ್ಲಿಬೆನ್‌ಕ್ಲಮೈಡ್‌ನಷ್ಟು ಇಳಿಯಲಿಲ್ಲ, ಆರೋಗ್ಯದ ಗುಂಪಿನ ಹತ್ತಿರಕ್ಕೂ ಬರಲಿಲ್ಲ.

ದೊಡ್ಡಮ್ಮನಿಗೆ ಹೇಳಿದೆ. "ಹಂಗಾದ್ರೆ ಎರಡು ಚಮಚ ಹಾಕ್ಕೊಳ್ಲೇನೇ?" ಅಂದರು. ಇಲಿಗೆ ಕೊಟ್ಟಿದ್ದು ಪುಡಿಯಲ್ಲ, ಸಾರ. ಇಲಿಯ ಲೆಕ್ಕ ಮನುಷ್ಯರಿಗೆ ಹಾಗೇ ಹೊಂದುವುದಿಲ್ಲ. ಅವರ ಶುಗರ್ ವಯಸ್ಸಾದ ಮೇಲೆ ಬಂದದ್ದು, ನನ್ನ ಇಲಿಗಳದ್ದು ನಾನೇ ಚುಚ್ಚಿ ಬರಿಸಿದ್ದು. ಎಲ್ಲ ಬಿಡಿಸಿ ಹೇಳಿದೆ. "ಮಾತ್ರೆ ಬಿಡಬೇಡಿ ದೊಡ್ಡಮ್ಮಾ" ಅಂತಲೂ ಅಂದೆ. "ಬಿಡಲ್ಲ ಬಿಡು" ಎಂದು ಮಜ್ಜಿಗೆ ಲೋಟ ಕೈಗೆತ್ತಿಕೊಂಡರು.